ವಾಪಸು, ತಕರಾರು ಮತ್ತು ಆನ್‌ಲೈನ್ ಮಾರಾಟಗಾರ



ನಮ್ಮ ಊರುಗಳ ಬಟ್ಟೆ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಒಂದು ಫಲಕ ತೂಗುತ್ತಿದ್ದುದನ್ನು ನಿಮ್ಮ ತಂದೆ ತಾಯಿ ಬಲ್ಲರು: 'ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ.' ಬಿಲ್ಲಿನ ಅಡಿಯಲ್ಲೂ ಸಣ್ಣ ಅಕ್ಷರದಲ್ಲಿ ಅದೇ ಮಾತು ಇರುತ್ತಿತ್ತು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳದಿದ್ದರೆ 30 ದಿನಗಳೊಳಗೆ, ವಾಪಸು ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆದ್ದರಿಂದ ದೋಷವಿರುವ ಮಾಲಿನ ಮಟ್ಟಿಗೆ ಆ ಫಲಕಕ್ಕೆ ಈಗ ಬೆಲೆಯಿಲ್ಲ. ಇದು ಒಳ್ಳೆಯದೇ ಆಯಿತು. ಪ್ರತಿ ವರ್ಷ ಡಿಸೆಂಬರ್ 24ರಂದು ಭಾರತದಲ್ಲಿ ಗ್ರಾಹಕ ದಿನ ಆಚರಿಸುತ್ತಾರೆ, ಶಾಲೆಗಳಲ್ಲಿ 'ಗ್ರಾಹಕರ ಹಕ್ಕುಗಳು' ಎಂದು ಭಾಷಣ ಮಾಡಿಸುತ್ತೇವೆ, ಪ್ರಬಂಧ ಬರೆಸುತ್ತೇವೆ. ಆದರೆ ಮಾರುವವನ ಕಡೆಯಿಂದ ಒಂದು ಪ್ರಬಂಧವನ್ನೂ ನಾವು ಈವರೆಗೆ ಬರೆಸಿಲ್ಲ. ಈ ಲೇಖನದಲ್ಲಿ ಆ ಕಡೆಗೆ ಸ್ವಲ್ಪ ನೋಡೋಣ.

ಮೊದಲು ಎರಡು ಪದಗಳ ವಿಚಾರ. 'ವಾಪಸು' ಎಂಬುದು ಪಾರಸಿ ಮೂಲದ ಪದ. 'ತಕರಾರು' ಅರಬ್ಬಿಯಿಂದ ಬಂದದ್ದು. ಇಲ್ಲಿ ಬಹರೈನಿನಲ್ಲಿ ಅರಬ್ಬಿ ಓದುತ್ತಿರುವ ನಿಮಗೆ 'ತಕ್ರಾರ್' ಎಂದರೆ ಮತ್ತೆ ಮತ್ತೆ ಹೇಳುವುದು, ಪುನರಾವರ್ತನೆ ಎಂದು ಗೊತ್ತಿದೆ. ಹೇಳಿದ್ದನ್ನೇ ಇಬ್ಬರೂ ಹೇಳುತ್ತಾ ಹೋದರೆ ಅದು ಜಗಳವೇ ತಾನೆ! ಮಾಲು, ನಗದು, ಬಾಕಿ, ದಲ್ಲಾಳಿ ಎಂಬ ಪದಗಳೂ ಅರಬ್ಬಿ ಮೂಲದವೇ. ನಮ್ಮ ವ್ಯಾಪಾರದ ಮಾತಿನಲ್ಲಿ ಅರ್ಧಕ್ಕರ್ಧ ಹೀಗೆ ಹೊರಗಿನಿಂದ ಬಂದು ನಮ್ಮದಾಗಿದೆ. ಇವುಗಳಲ್ಲಿ 'ದಲ್ಲಾಳಿ' ಎಂಬ ಪದವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ವ್ಯವಹಾರ ಕುದುರಿಸಿ ತನ್ನ ಪಾಲು ಪಡೆಯುವವನು ದಲ್ಲಾಳಿ. ಇಂದಿನ ಆನ್‌ಲೈನ್ ಮಾರುಕಟ್ಟೆಯ ಕಂಪನಿ ಮಾಡುವ ಕೆಲಸವೂ ಅದೇ. ಆದರೆ ಹಳೆಯ ದಲ್ಲಾಳಿ ತಕರಾರು ಬಂದಾಗ ಇಬ್ಬರನ್ನೂ ಎದುರೆದುರು ಕೂರಿಸುತ್ತಿದ್ದ. ಹೊಸ ದಲ್ಲಾಳಿ ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ತಾನೇ ತೀರ್ಪು ಕೊಡುತ್ತಾನೆ.

ಗುಂಡಿ ಒತ್ತಿದ ಮೇಲೆ ಏನಾಗುತ್ತದೆ?

ಬೇಸಿಗೆ ರಜೆಗೆ ಊರಿಗೆ ಹೊರಡುವ ಮೊದಲು ಮಾಹೂಝ್‌ನ ಫ್ಲ್ಯಾಟಿನಲ್ಲಿ ಕುಳಿತೇ ನಾವು ಮಂಗಳೂರಿನ ಅಥವಾ ಉಡುಪಿಯ ಮನೆಯ ವಿಳಾಸಕ್ಕೆ ಸಾಮಾನು ತರಿಸುತ್ತೇವೆ. ನಾವು ತಲುಪುವ ಹೊತ್ತಿಗೆ ಪೊಟ್ಟಣಗಳು ಅಜ್ಜಿಯ ಮನೆಯ ಜಗಲಿಯಲ್ಲಿ ಸಾಲಾಗಿ ಕೂತಿರುತ್ತವೆ. ಬಿಚ್ಚಿ ನೋಡಿ, ಬೇಡವೆನಿಸಿದರೆ ಫೋನಿನಲ್ಲಿ 'ರಿಟರ್ನ್' ಗುಂಡಿ ಒತ್ತುತ್ತೇವೆ. ಕಾರಣ ಕೇಳಿದಾಗ ಕೈಗೆ ಮೊದಲು ಸಿಕ್ಕಿದ್ದನ್ನು ಆರಿಸುತ್ತೇವೆ. ಎರಡು ಮೂರು ದಿನಗಳಲ್ಲಿ ಹುಡುಗನೊಬ್ಬ ಬಂದು ಪೊಟ್ಟಣ ಒಯ್ಯುತ್ತಾನೆ, ಹಣ ಮರಳುತ್ತದೆ. ನಮ್ಮ ಪಾಲಿಗೆ ಕಥೆ ಮುಗಿಯಿತು. ಆ ಪೊಟ್ಟಣದ ಕಥೆ ಮಾತ್ರ ಅಲ್ಲಿಂದ ಶುರುವಾಗುತ್ತದೆ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಈ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ಗೋಪುರದಂಥ ವಿನ್ಯಾಸ ಬರುತ್ತದೆ, ಅದಕ್ಕೆ ತೋಪು ತೆನಿ ಸೆರಗು ಎಂದು ಹೆಸರು. ಈ ಕೊಂಡಿಯ ಸಾಲೇ ಆ ಸೀರೆಯ ಗುರುತು. ಆದರೆ ಕೈಮಗ್ಗದ ಸೀರೆಯನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದವರು ಸೆರಗಿನ ಬಳಿ ಆ ಜೋಡಣೆಯನ್ನು ಕಂಡು 'ತುಂಡು ಸೇರಿಸಿದ ಸೀರೆ, ದೋಷವಿದೆ' ಎಂದುಕೊಂಡರೆ ಆಶ್ಚರ್ಯವಿಲ್ಲ. ಅಲ್ಲೊಂದು ಇಲ್ಲೊಂದು ದಪ್ಪ ಎಳೆ ಕಂಡರೆ ಅದೂ ದೋಷ. ಫೋನಿನ ಪರದೆಯಲ್ಲಿ ದಾಳಿಂಬೆ ಬಣ್ಣವಾಗಿ ಕಂಡದ್ದು ಬಿಸಿಲಿನಲ್ಲಿ ಇಟ್ಟಿಗೆ ಬಣ್ಣವಾಗಿ ಕಂಡರೆ 'ವಿವರಣೆಯಂತೆ ಇಲ್ಲ'. ಕೊಂಡವರು ಸುಳ್ಳು ಹೇಳುತ್ತಿಲ್ಲ, ಮಾರಿದವರು ಮೋಸ ಮಾಡಿಲ್ಲ. ಆದರೂ ಸೀರೆ ವಾಪಸು ಬರುತ್ತದೆ, ಖರ್ಚು ಮಾರಿದವರ ತಲೆಗೆ ಬರುತ್ತದೆ.

ಖರ್ಚು ಎಷ್ಟು? ಲೆಕ್ಕ ಮಾಡಿಯೇ ನೋಡೋಣ. ಈ ಅಂಕಿಗಳು ಉದಾಹರಣೆಗಾಗಿ ನಾವು ಹಾಕಿಕೊಂಡವು. ವ್ಯಾಪಾರಿಯೊಬ್ಬರು ನೇಕಾರರಿಂದ 1,200 ರೂಪಾಯಿಗೆ ಸೀರೆ ತಂದು ಆನ್‌ಲೈನಿನಲ್ಲಿ 1,600ಕ್ಕೆ ಮಾರುತ್ತಾರೆ ಎನ್ನಿ. ಕಂಪನಿಯ ಕಮಿಷನ್ 100, ಸಾಗಣೆ 80, ಪೊಟ್ಟಣದ ಖರ್ಚು 20. ಉಳಿಯುವ ಲಾಭ 200 ರೂಪಾಯಿ. ಸೀರೆ ವಾಪಸು ಬಂದರೆ ಹೋಗುವಾಗಿನ ಸಾಗಣೆ 80, ಬರುವಾಗಿನದು 100, ಪೊಟ್ಟಣ 20, ಒಟ್ಟು 200 ರೂಪಾಯಿ ಕೈಯಿಂದ ಹೋಯಿತು. ಹತ್ತು ಸೀರೆ ಮಾರಿ ಎರಡು ವಾಪಸು ಬಂದರೆ, ಎಂಟರ ಲಾಭ 1,600ರಲ್ಲಿ 400 ಕಳೆದು 1,200 ರೂಪಾಯಿ ಉಳಿಯಿತು. ಇಲ್ಲಿಯವರೆಗೆ ತಡೆದುಕೊಳ್ಳಬಹುದು. ಆದರೆ ವಾಪಸು ಬಂದ ಎರಡರಲ್ಲಿ ಒಂದು ಪೊಟ್ಟಣದೊಳಗೆ ಹೊಸ ಸೀರೆಯ ಬದಲು ಉಟ್ಟು ಒಗೆದ ಹಳೆಯ ಸೀರೆ ಇದ್ದರೆ? ಅದರ ಅಸಲು 1,200 ಕಳೆಯಿರಿ. ಉಳಿದದ್ದು ಸೊನ್ನೆ. ಎಂಟು ಪ್ರಾಮಾಣಿಕ ಗ್ರಾಹಕರಿಗೆ ಮಾರಿದ ಲಾಭವೆಲ್ಲ ಒಬ್ಬ ಅಪ್ರಾಮಾಣಿಕನ ಒಂದು ಪೊಟ್ಟಣದಲ್ಲಿ ಹೋಯಿತು. ವಾಪಸು ಬರುವವರೆಗೆ ಆ ಸೀರೆಯನ್ನು ಬೇರೆಯವರಿಗೆ ಮಾರಲಾಗದೆ ಬಂಡವಾಳ ದಾರಿಯಲ್ಲೇ ಸಿಕ್ಕಿಬಿದ್ದಿರುತ್ತದೆ ಎಂಬುದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕಂಪನಿ 2010ರಲ್ಲಿ 'ಮಾಲು ಕೈಗೆ ಬಂದ ಮೇಲೆ ಹಣ' ಎಂಬ ಪದ್ಧತಿ ತಂದಿತು. ಕಾರ್ಡ್ ಇಲ್ಲದವರೂ, ಇದ್ದರೂ ಅಂತರಜಾಲವನ್ನು ನಂಬದವರೂ ಅದರಿಂದ ಕೊಳ್ಳುವಂತಾಯಿತು. ಆನ್‌ಲೈನ್ ವ್ಯಾಪಾರ ಸಣ್ಣ ಊರುಗಳಿಗೆ ಹಬ್ಬಿದ್ದರಲ್ಲಿ ಈ ಪದ್ಧತಿಯ ಪಾಲು ದೊಡ್ಡದು. ಅದರ ಇನ್ನೊಂದು ಮುಖವೆಂದರೆ, ಹಣ ಕೊಡದೇ ತರಿಸಿದ ವಸ್ತುವನ್ನು ಬಾಗಿಲಲ್ಲೇ 'ಬೇಡ' ಎನ್ನುವುದಕ್ಕೆ ಏನೂ ಖರ್ಚಿಲ್ಲ. 'ತಮಾಷೆಗೆ ಒತ್ತಿದೆ ಮಿಸ್' ಎಂದು ನಮ್ಮ ಮಕ್ಕಳೂ ಒಮ್ಮೊಮ್ಮೆ ಹೇಳುವುದುಂಟು.

ತೀರ್ಪು ಯಾರ ಕಡೆಗೆ?

ಈ ಅಳಲು ಭಾರತದ್ದು ಮಾತ್ರವಲ್ಲ. 1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಆರಂಭಿಸಿದ ಈಬೇ ಮಾರುಕಟ್ಟೆಯಲ್ಲಿ ಕೊಂಡವರು ಮಾರಿದವರಿಗೂ, ಮಾರಿದವರು ಕೊಂಡವರಿಗೂ ಅಂಕ ಕೊಡುವ ಪದ್ಧತಿ ಇತ್ತು. ಅಪರಿಚಿತರು ಒಬ್ಬರನ್ನೊಬ್ಬರು ನಂಬಲು ಅದೇ ಆಧಾರ. 2008ರಲ್ಲಿ ಕಂಪನಿ ನಿಯಮ ಬದಲಿಸಿತು: ಇನ್ನು ಮುಂದೆ ಮಾರಿದವರು ಕೊಂಡವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವಂತಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಅನೇಕ ಮಾರಾಟಗಾರರು ಒಂದು ವಾರ ಏನನ್ನೂ ಮಾರಾಟಕ್ಕೆ ಇಡದೆ ಬಹಿಷ್ಕಾರ ಹಾಕಿದರು. ನಿಯಮ ಮಾತ್ರ ಮೇ ತಿಂಗಳಲ್ಲಿ ಜಾರಿಗೆ ಬಂದೇ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಕಂಪನಿಗೂ ಕಾರಣವಿತ್ತು. ನೀನು ನನ್ನ ಬಗ್ಗೆ ಕೆಟ್ಟದ್ದು ಬರೆದರೆ ನಾನೂ ನಿನ್ನ ಬಗ್ಗೆ ಬರೆಯುತ್ತೇನೆ ಎಂದು ಕೆಲವು ಮಾರಾಟಗಾರರು ಸೇಡು ತೀರಿಸಿಕೊಳ್ಳುತ್ತಿದ್ದರು, ಆ ಭಯಕ್ಕೆ ಗ್ರಾಹಕರು ನಿಜ ಹೇಳಲು ಹಿಂಜರಿಯುತ್ತಿದ್ದರು. ಒಂದು ಕಡೆಯ ಬಾಯಿ ಬಿಡಿಸಲು ಇನ್ನೊಂದು ಕಡೆಯ ಬಾಯಿ ಕಟ್ಟಿದಂತಾಯಿತು. ಇದು ಸರಿಯಾದ ಪರಿಹಾರವೆಂದು ನಮಗೆ ಅನ್ನಿಸುವುದಿಲ್ಲ.

2012ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿಯೊಂದನ್ನು ಓದಿದರೆ ಇಂದಿಗೂ ಸಂಕಟವಾಗುತ್ತದೆ. ಮಹಿಳೆಯೊಬ್ಬರು ಹಳೆಯ ಫ್ರೆಂಚ್ ಪಿಟೀಲೊಂದನ್ನು ಆನ್‌ಲೈನಿನಲ್ಲಿ 2,500 ಡಾಲರಿಗೆ ಕೆನಡಾದ ಒಬ್ಬರಿಗೆ ಮಾರಿದರು. ಕೊಂಡವರು ಪಿಟೀಲಿನ ಒಳಗಿನ ಚೀಟಿ ನಿಜವಾದದ್ದಲ್ಲವೆಂದು ತಕರಾರು ತೆಗೆದರು. ಹಳೆಯ ಪಿಟೀಲುಗಳಲ್ಲಿ ಚೀಟಿಯ ಬಗ್ಗೆ ಇಂಥ ವಾದಗಳು ಸಾಮಾನ್ಯ. ಹಣ ಸಾಗಿಸುವ ಪೇಪಾಲ್ ಕಂಪನಿ ಅದನ್ನು ನಕಲಿ ಮಾಲೆಂದು ಪರಿಗಣಿಸಿ, ಹಣ ಮರಳಬೇಕಾದರೆ ವಸ್ತುವನ್ನು ನಾಶಮಾಡಬೇಕೆಂದು ಕೊಂಡವರಿಗೆ ತಿಳಿಸಿತು. ಅವರು ಪಿಟೀಲನ್ನು ಒಡೆದು, ಚೂರುಗಳ ಚಿತ್ರ ಕಳಿಸಿದರು. ಮಾರಿದವರಿಗೆ ಹಣವೂ ಇಲ್ಲ, ಪಿಟೀಲೂ ಇಲ್ಲ. ಆ ವಾದ್ಯವನ್ನು ಕೈಯಲ್ಲಿ ಹಿಡಿದು ನೋಡದೆಯೇ, ದೂರದಲ್ಲಿ ಕುಳಿತವರು ನಿಯಮದ ಒಂದು ಸಾಲನ್ನು ಓದಿ ತೀರ್ಮಾನಿಸಿದ್ದರು.

ಕೊಂಡವರ ಕಡೆಯ ಮೋಸಕ್ಕೂ ಉದಾಹರಣೆಯಿದೆ. 2017ರಲ್ಲಿ ದೆಹಲಿಯ ಯುವಕನೊಬ್ಬ ಅಮೆಜಾನಿನಿಂದ ಫೋನುಗಳನ್ನು ತರಿಸಿಕೊಂಡು, ಬಂದದ್ದು ಖಾಲಿ ಪೆಟ್ಟಿಗೆ ಎಂದು ಹೇಳಿ ಹಣ ವಾಪಸು ಪಡೆಯುತ್ತಿದ್ದನೆಂದು ಪೊಲೀಸರು ಬಂಧಿಸಿದರು. ಒಂದೆರಡಲ್ಲ, 166 ಫೋನುಗಳ ವಿಷಯವದು. ಅಲ್ಲಿ ದೂರು ಕೊಟ್ಟದ್ದು ದೊಡ್ಡ ಕಂಪನಿ, ಆದ್ದರಿಂದ ಪತ್ತೆಯಾಯಿತು. ಒಂದು ಸೀರೆ ಕಳೆದುಕೊಂಡ ಸಣ್ಣ ವ್ಯಾಪಾರಿ ಬೇರೆ ರಾಜ್ಯದ ಗ್ರಾಹಕನ ಮೇಲೆ ಯಾವ ಠಾಣೆಗೆ ಹೋಗಬೇಕು?

ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ, 1930ರ ಸರಕು ಮಾರಾಟ ಕಾಯಿದೆಯಲ್ಲೇ ಒಂದು ಒಳ್ಳೆಯ ತತ್ವವಿದೆ. ಮೊದಲು ನೋಡದೆ ಕೊಂಡ ವಸ್ತುವನ್ನು ಪರೀಕ್ಷಿಸಲು ಸೂಕ್ತ ಅವಕಾಶ ಸಿಗುವ ತನಕ ಕೊಂಡವನು ಅದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಅಂಗಡಿಯಲ್ಲಿ ಮುಟ್ಟಿ ನೋಡಿ ಕೊಳ್ಳುವವರಿಗೆ ಇದರ ಅಗತ್ಯ ಕಡಿಮೆ, ಚಿತ್ರ ನೋಡಿ ಕೊಳ್ಳುವವರಿಗೆ ಇದು ಬೇಕೇ ಬೇಕು. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ಮಾರಿದವರು ವಾಪಸು ಪಡೆಯಲು ನಿರಾಕರಿಸಬಾರದು ಎನ್ನುತ್ತವೆ. ಗ್ರಾಹಕರ ದೂರು ಬಂದರೆ 48 ಗಂಟೆಯೊಳಗೆ 'ಬಂದಿದೆ' ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆದರೆ ಮಾರಾಟಗಾರ ಕಂಪನಿಯ ಮುಂದೆ ಇಟ್ಟ ದೂರಿಗೆ ಇಂಥ ಗಡುವನ್ನು ಆ ನಿಯಮಗಳು ಹಾಕಿಲ್ಲ. ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆಯುವವರನ್ನು ಕಾಯಿದೆ ಸಾಮಾನ್ಯವಾಗಿ 'ಗ್ರಾಹಕ' ಎಂದು ಎಣಿಸುವುದಿಲ್ಲವಾದ್ದರಿಂದ ಗ್ರಾಹಕ ಆಯೋಗದ ಬಾಗಿಲೂ ಅವರಿಗೆ ಸುಲಭವಾಗಿ ತೆರೆಯದು. ಉಳಿದದ್ದು ಕಂಪನಿಯೊಳಗಿನ ಮನವಿ. ಪೊಟ್ಟಣ ಕಟ್ಟುವಾಗಿನ ವಿಡಿಯೋ, ವಾಪಸು ಬಂದದ್ದನ್ನು ಬಿಚ್ಚುವಾಗಿನ ವಿಡಿಯೋ, ತೂಕದ ಚೀಟಿ, ಎಲ್ಲವನ್ನೂ ನಿಗದಿತ ದಿನಗಳೊಳಗೆ ಸೇರಿಸಿ ಕಳಿಸಬೇಕು. ಅದರಿಂದಲೇ ಈಗ ಅನೇಕ ಸಣ್ಣ ವ್ಯಾಪಾರಿಗಳು ಪ್ರತಿ ಪೊಟ್ಟಣವನ್ನೂ ಕ್ಯಾಮೆರಾ ಮುಂದೆ ಕಟ್ಟುತ್ತಾರೆ. ಬಾಗಿಲಲ್ಲೇ ಪೊಟ್ಟಣ ಬಿಚ್ಚಿ ತೋರಿಸಿ ಕೊಡುವ ಪದ್ಧತಿಯನ್ನೂ ಕೆಲವು ಮಾಲುಗಳಿಗೆ ತಂದಿದ್ದಾರೆ. ಇದು ಇಬ್ಬರಿಗೂ ಒಳಿತು.

ನಮ್ಮ ಬೀದಿಯ ವ್ಯಾಪಾರ

ಮಾಹೂಝ್, ಅದ್ಲಿಯಾ, ಉಮ್ ಅಲ್ ಹಸ್ಸಂ ಕಡೆಯ ನಮ್ಮವರ ಮನೆಗಳಲ್ಲಿ ವಾಟ್ಸ್ಆ್ಯಪ್ ಗುಂಪುಗಳ ಮೂಲಕ ಸೀರೆ, ಸರ, ಹಪ್ಪಳ, ಸಂಡಿಗೆ ಕೊಳ್ಳುವ ರೂಢಿಯಿದೆ. ಇಲ್ಲಿ ನಡುವೆ ಯಾವ ಕಂಪನಿಯೂ ಇಲ್ಲ. (ವ್ಯಾಪಾರಕ್ಕೆ ಇಲ್ಲಿ ವಾಣಿಜ್ಯ ನೋಂದಣಿಯ ನಿಯಮಗಳಿವೆ, ಗ್ರಾಹಕರ ರಕ್ಷಣೆಗೆ 2012ರ 35ನೆಯ ಕಾನೂನಿದೆ, ಅದು ಬೇರೆಯೇ ಪಾಠ.) ತಕರಾರು ಬಂದರೆ ಮಾತು ಹೀಗಿರುತ್ತದೆ:

'ಅಕ್ಕಾ, ಬಣ್ಣ ಫೋಟೋದಲ್ಲಿ ಇದ್ದ ಹಾಗೆ ಇಲ್ಲ.'

'ಟ್ಯೂಬ್‌ಲೈಟಿನಲ್ಲಿ ನೋಡಿದಿರಾ? ನಾಳೆ ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ. ಆಮೇಲೂ ಬೇಡ ಅನ್ನಿಸಿದರೆ ಮಡಿಕೆ ಬಿಚ್ಚದೆ ತಂದುಕೊಡಿ, ಹಣ ಬೆನಿಫಿಟ್‌ನಲ್ಲಿ ಹಾಕುತ್ತೇನೆ.'

ಇಬ್ಬರೂ ಮುಂದಿನ ಶುಕ್ರವಾರ ಯಾವುದೋ ಕಾರ್ಯಕ್ರಮದಲ್ಲಿ ಪಕ್ಕಪಕ್ಕದಲ್ಲಿ ಊಟಕ್ಕೆ ಕೂರಬೇಕಾದವರು. ಆದ್ದರಿಂದ ಸುಳ್ಳು ಹೇಳುವುದು ಕಷ್ಟ, ಬಿಗಿಯಾಗಿ ನಿಲ್ಲುವುದೂ ಕಷ್ಟ. ದಾಕ್ಷಿಣ್ಯಕ್ಕೆ ಬೇಡದ ಸೀರೆಯನ್ನು ಇಟ್ಟುಕೊಂಡವರೂ ಇದ್ದಾರೆ, ಉಟ್ಟ ಸೀರೆಯನ್ನು ಮಾತಾಡದೆ ವಾಪಸು ಪಡೆದವರೂ ಇದ್ದಾರೆ. ಇದನ್ನು ಆದರ್ಶ ಎನ್ನಲಾಗದು. ಆದರೆ ಆ ಎರಡು ಸಾಲಿನ ಮಾತುಕತೆಯಲ್ಲಿ ಇರುವ ಪ್ರಶ್ನೆ, 'ಯಾವ ಬೆಳಕಿನಲ್ಲಿ ನೋಡಿದಿರಿ?' ಎಂಬುದು, ಕಂಪನಿಯ ಕಾರಣಗಳ ಪಟ್ಟಿಯಲ್ಲಿ ಕಾಣುವುದಿಲ್ಲ.

ಭಾಷೆ ಕಲಿಸುವ ನಮಗೆ ಈ ವಿಷಯ ಮುಖ್ಯವಾಗುವುದು ಇಲ್ಲೇ. 'ದೋಷವಿದೆ', 'ವಿವರಣೆಯಂತೆ ಇಲ್ಲ', 'ಮನಸ್ಸು ಬದಲಾಯಿತು' ಎಂಬ ಮೂರು ವಾಕ್ಯಗಳು ಓದಲು ಹೆಚ್ಚುಕಡಿಮೆ ಒಂದೇ. ಮೊದಲ ಎರಡು ಮಾರಿದವರ ಮೇಲೆ ಹೊರಿಸುವ ಆರೋಪ, ಮೂರನೆಯದು ನಮ್ಮ ಬಗ್ಗೆ ನಾವು ಹೇಳುವ ಮಾತು. ಸಾಗಣೆ ಖರ್ಚು ಯಾರಿಗೆ, ಅಂಗಡಿಯ ಅಂಕ ಎಷ್ಟು ಇಳಿಯಬೇಕು ಎಂಬುದು ಎಷ್ಟೋ ವೇಳೆ ಈ ಆಯ್ಕೆಯ ಮೇಲೆ ನಿಂತಿರುತ್ತದೆ. ಮಾರುವವರ ಬರವಣಿಗೆಗೂ ಇದೇ ತೂಕ. 'ಸುಂದರ, ಆಕರ್ಷಕ, ಉತ್ತಮ ಗುಣಮಟ್ಟದ ಸೀರೆ' ಎಂಬ ವಿಶೇಷಣಗಳ ಸಾಲು ಏನನ್ನೂ ತಿಳಿಸುವುದಿಲ್ಲ. 'ಕೈಮಗ್ಗದ ಸೀರೆ, ಮೈ ಹತ್ತಿ, ಸೆರಗಿನ ಬಳಿ ಕೊಂಡಿಯ ಸಾಲು ಕಾಣುತ್ತದೆ, ಅದು ಈ ನೇಯ್ಗೆಯ ಕ್ರಮ, ಚಿತ್ರ ತೆಗೆದದ್ದು ಬೆಳಗಿನ ಬಿಸಿಲಿನಲ್ಲಿ' ಎಂದು ಬರೆದರೆ ಅರ್ಧ ತಕರಾರು ಅಲ್ಲೇ ಕಡಿಮೆಯಾದೀತು.

ಅಭ್ಯಾಸ

ಪಠ್ಯದಲ್ಲಿ ನೀವು ಗ್ರಾಹಕರಾಗಿ ದೂರು ಪತ್ರ ಬರೆಯಲು ಕಲಿತಿದ್ದೀರಿ. ಈಗ ನೀವು ಇಳಕಲ್ಲಿನ ಸೀರೆ ವ್ಯಾಪಾರಿ ಎಂದು ಭಾವಿಸಿ. ಕೊಂಡಿಯ ಸಾಲನ್ನು ದೋಷವೆಂದು ತಿಳಿದು ಗ್ರಾಹಕರೊಬ್ಬರು ಸೀರೆ ಮರಳಿಸಿದ್ದಾರೆ, ಕಂಪನಿ ನಿಮ್ಮನ್ನು ಕೇಳದೆ ಹಣ ಹಿಂದಿರುಗಿಸಿದೆ. ಕಂಪನಿಗೆ 120 ಪದಗಳಲ್ಲಿ ಒಂದು ಮನವಿ ಪತ್ರ ಬರೆಯಿರಿ. ಗ್ರಾಹಕರನ್ನು ಸುಳ್ಳುಗಾರರೆಂದು ಕರೆಯುವಂತಿಲ್ಲ. ಬರೆದಾದ ಮೇಲೆ ಪಕ್ಕದವರೊಡನೆ ಪತ್ರ ಬದಲಾಯಿಸಿಕೊಂಡು, ಆ ಗ್ರಾಹಕರ ಪರವಾಗಿ ಉತ್ತರ ಬರೆಯಿರಿ.