ಗಾಡಿಯ ಉದ್ದ ಮೊದಲು, ದಾರಿ ಆಮೇಲೆ
ಪ್ರಶ್ನೋತ್ತರ: ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಮೋಟರ್‌ಹೋಮ್ ಪ್ರವಾಸ

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ನಾವಿಬ್ಬರು, ಇಬ್ಬರು ಮಕ್ಕಳು ಸೇರಿ ಆರು ಜನ. 35 ಅಡಿಯ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ವರೆಗೆ ಹೈವೇ 1ರಲ್ಲೇ ಹೋಗುವ ಆಸೆ. ಮೂರು ದಿನ ಸಾಕೇ?
– ಓದುಗರೊಬ್ಬರು, ಫ್ರೀಮಾಂಟ್

ಉತ್ತರ: ಮೂರು ದಿನ ಸಾಲದು, ಆರು ದಿನವಾದರೂ ಇಟ್ಟುಕೊಳ್ಳಿ. ತಿಂಗಳನ್ನು ಮಾತ್ರ ಸರಿಯಾಗಿ ಆರಿಸಿದ್ದೀರಿ. ಜೂನ್, ಜುಲೈನಲ್ಲಿ ಈ ಕರಾವಳಿಗೆ ಮಂಜು ಮುಸುಕಿರುತ್ತದೆ. ಸೆಪ್ಟೆಂಬರ್‌ ಹೊತ್ತಿಗೆ ಅದು ಬಹಳಷ್ಟು ಸರಿದು ಕಡಲು ಕಾಣುತ್ತದೆ.

ಆದರೆ ನೀವು ದಾರಿ ಗೊತ್ತುಮಾಡಿಕೊಂಡು ಆಮೇಲೆ ಗಾಡಿ ಹುಡುಕಿದ್ದೀರಿ. ಇಷ್ಟು ದೊಡ್ಡ ಗಾಡಿಯಾದರೆ ಲೆಕ್ಕ ತಿರುಗಿಸಿ ಹಾಕಬೇಕು. ಮೊದಲು ಗಾಡಿಯ ಉದ್ದ, ಅದು ರಾತ್ರಿ ನಿಲ್ಲುವ ಜಾಗ, ಕೊನೆಗೆ ದಾರಿ. ಕಾರ್ಮೆಲ್‌ನಿಂದ ಸ್ಯಾನ್ ಸಿಮಿಯನ್‌ವರೆಗಿನ ಸುಮಾರು 90 ಮೈಲಿಯ ಬಿಗ್ ಸರ್ ಭಾಗವನ್ನೇ ನೋಡಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ನಡುವೆ ಎರಡೇ ಲೇನ್. ದೊಡ್ಡ ಮೋಟರ್‌ಹೋಮ್‌ಗಳೂ ಅಲ್ಲಿ ಓಡಾಡುತ್ತವೆ, ನಿಜ. ಆದರೆ ನಿಲ್ಲಿಸಲು ಜಾಗ ಸಿಗುವುದಿಲ್ಲ. 1932ರ ಬಿಕ್ಸ್‌ಬಿ ಸೇತುವೆಯ ಪಕ್ಕದ ತಂಗುದಾಣ ಕಾರುಗಳಿಗೇ ಸಾಲದು. ಫೈಫರ್ ಬೀಚ್‌ನ ಕಿರುದಾರಿಗೆ ಮೋಟರ್‌ಹೋಮ್ ಬಿಡುವುದೇ ಇಲ್ಲ. ಫೈಫರ್ ಬಿಗ್ ಸರ್ ಸ್ಟೇಟ್ ಪಾರ್ಕ್‌ನ ಕ್ಯಾಂಪ್‌ನಲ್ಲಿ ಮೋಟರ್‌ಹೋಮ್‌ಗೆ 32 ಅಡಿಯ ಮಿತಿ ಇದೆ. ನಿಮ್ಮ ಗಾಡಿಯಲ್ಲಿ ಹೋದರೆ ಅಪ್ಪ, ಅಮ್ಮ ಬಿಗ್ ಸರ್ ಅನ್ನು ಕಿಟಕಿಯಿಂದಲೇ ನೋಡಿ ಬರಬೇಕಾದೀತು.

ಹಾಗಾಗಿ ಹೀಗೆ ಮಾಡಿ. ನಿಮ್ಮ ಮನೆಯ ಕಾರನ್ನು ಇನ್ನೊಬ್ಬರು ಹಿಂದೆ ಓಡಿಸಿಕೊಂಡು ಬರಲಿ. ಮೊದಲ ಎರಡು ರಾತ್ರಿ ಮಾಂಟೆರೆ ಸುತ್ತಮುತ್ತ ಮೋಟರ್‌ಹೋಮ್ ನಿಲ್ಲಿಸಿ. ಮಾರನೆಯ ದಿನ ಕಾರಿನಲ್ಲಿ ಬಿಗ್ ಸರ್ ನೋಡಿ ಬನ್ನಿ. ಆರು ಜನಕ್ಕೆ ಒಂದು ಕಾರು ಸಾಲದಿದ್ದರೆ ಆ ಒಂದು ದಿನಕ್ಕೆ ಮಾಂಟೆರೆಯಲ್ಲೇ ವ್ಯಾನ್ ಬಾಡಿಗೆಗೆ ಹಿಡಿಯಿರಿ. 80 ಅಡಿ ಎತ್ತರದಿಂದ ಕಡಲತೀರಕ್ಕೆ ಧುಮುಕುವ ಮ್ಯಾಕ್‌ವೇ ಜಲಪಾತವನ್ನು ಜೋಗದ ನೆರೆಯವರಿಗೆ ತೋರಿಸದೆ ಕಳಿಸಬೇಡಿ. ಮೂರನೆಯ ದಿನ ಮೋಟರ್‌ಹೋಮ್ ಅನ್ನು ಹೈವೇ 68ರಲ್ಲಿ ಸಲೀನಾಸ್‌ಗೆ, ಅಲ್ಲಿಂದ 101ರಲ್ಲಿ ಪಾಸೊ ರೋಬ್ಲೆಸ್ ದಾಟಿ, 46ರಲ್ಲಿ ಪಶ್ಚಿಮಕ್ಕೆ ತಿರುಗಿ ಕೇಂಬ್ರಿಯಾಗೆ ತನ್ನಿ. ಅಲ್ಲಿ ಮತ್ತೆ ಹೈವೇ 1 ಸಿಗುತ್ತದೆ. ಕೇಂಬ್ರಿಯಾದಿಂದ ಉತ್ತರಕ್ಕೆ ಪಿಯೆದ್ರಾಸ್ ಬ್ಲಾಂಕಾಸ್‌ವರೆಗೆ ರಸ್ತೆ ಸಮತಟ್ಟು, ದೊಡ್ಡ ಗಾಡಿಯೂ ಆರಾಮವಾಗಿ ಹೋಗುತ್ತದೆ. ಅಲ್ಲಿನ ಮರಳಿನ ಮೇಲೆ ಎಲಿಫೆಂಟ್ ಸೀಲ್‌ಗಳು ಸಾಲಾಗಿ ಮಲಗಿರುತ್ತವೆ. ಸೆಪ್ಟೆಂಬರ್‌ನಲ್ಲಿ ಬರುವವು ಹೆಚ್ಚಾಗಿ ಎಳೆಯವು. ಮೈಮೇಲೆ ಮರಳು ಎರಚಿಕೊಳ್ಳುತ್ತ, ಒಂದನ್ನೊಂದು ದೂಡುತ್ತ ಇರುವ ಅವನ್ನು ನೋಡುತ್ತ ಮಕ್ಕಳು ಗಂಟೆಗಟ್ಟಲೆ ನಿಲ್ಲುತ್ತಾರೆ. ನೋಡಲು ಟಿಕೆಟ್ ಇಲ್ಲ. ಉಳಿದ ದಿನಗಳನ್ನು ಮೊರೊ ಬೇ, ಪಿಸ್ಮೊ, ಸಾಂಟಾ ಬಾರ್ಬರಾಗೆ ಹಂಚಿಕೊಳ್ಳಿ. ಗವಿಯೋಟಾ ದಾಟಿದ ಮೇಲೆ 101 ಕಡಲ ಮಗ್ಗುಲಲ್ಲೇ ಸಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಘಾಟಿಗಳಂತೆ ಹೈವೇ 1 ಕೂಡ ಕುಸಿಯುತ್ತದಂತೆ. ಕಾದಿರಿಸಿದ ಮೇಲೆ ರಸ್ತೆ ಮುಚ್ಚಿದರೆ ಏನು ಗತಿ?
– ಓದುಗರೊಬ್ಬರು, ಸ್ಯಾನ್ ಹೋಸೆ

ಉತ್ತರ: ಕುಸಿಯುತ್ತದೆ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಗುಡ್ಡವೇ ಜಾರಿ ರಸ್ತೆಯನ್ನು ಹೂತುಹಾಕಿತು. ಮತ್ತೆ ತೆರೆದದ್ದು 2018ರ ಜುಲೈನಲ್ಲಿ. 2021ರ ಜನವರಿಯಲ್ಲಿ ರ‍್ಯಾಟ್ ಕ್ರೀಕ್ ಬಳಿ ರಸ್ತೆಯ ಒಂದು ತುಂಡೇ ಕಡಲಿಗೆ ಕೊಚ್ಚಿಹೋಯಿತು. ಹೊರಡುವ ವಾರ, ಹೊರಡುವ ಬೆಳಿಗ್ಗೆ, ಎರಡು ಸಲವೂ ರಾಜ್ಯ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ನೋಡಿ. ಕಾರಿನವರು ನಡುದಾರಿಯಲ್ಲಿ ಹಿಂದಿರುಗಬಹುದು. 35 ಅಡಿಯ ಗಾಡಿಯನ್ನು ಆ ರಸ್ತೆಯಲ್ಲಿ ತಿರುಗಿಸಲು ಜಾಗ ಹುಡುಕುವುದೇ ಕಷ್ಟ. ಮೇಲೆ ಹೇಳಿದಂತೆ ಎರಡು ತುದಿಗಳಲ್ಲಿ ತಂಗಿ, ನಡುವೆ 101 ಹಿಡಿದರೆ ಬಿಗ್ ಸರ್ ಮುಚ್ಚಿದರೂ ಪ್ರವಾಸ ಕೆಡುವುದಿಲ್ಲ.

ಸ್ಟೇಟ್ ಪಾರ್ಕ್ ಕ್ಯಾಂಪ್‌ಗಳನ್ನು ರಿಸರ್ವ್ ಕ್ಯಾಲಿಫೋರ್ನಿಯಾ ಜಾಲತಾಣದಲ್ಲಿ ಆರು ತಿಂಗಳ ಮೊದಲೇ ಕಾದಿರಿಸಬಹುದು. ಕಡಲಿಗೆ ಹತ್ತಿರದವು ತೆರೆದ ಕೂಡಲೇ ತುಂಬುತ್ತವೆ. ಗಾಡಿಯ ಉದ್ದ ಕೇಳಿದಾಗ ಬಂಪರ್‌ನಿಂದ ಬಂಪರ್‌ವರೆಗಿನ ನಿಜ ಅಳತೆ ಬರೆಯಿರಿ. ಜಾಗ ಸಿಗಲೆಂದು ಎರಡಡಿ ಕಡಿಮೆ ಬರೆದರೆ ಗೇಟಿನಿಂದಲೇ ಹಿಂದಿರುಗಬೇಕಾದೀತು.

ಪ್ರಶ್ನೆ: ನಮ್ಮ ತಂದೆಯವರು ಆಗುಂಬೆ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. ಇಲ್ಲಿ ಮೋಟರ್‌ಹೋಮ್ ಓಡಿಸಬಹುದೇ?
– ಓದುಗರೊಬ್ಬರು, ಸ್ಯಾಕ್ರಮೆಂಟೊ

ಉತ್ತರ: ಭೇಟಿಗೆ ಬಂದವರು ತಮ್ಮ ದೇಶದ ಚಾಲ್ತಿ ಲೈಸೆನ್ಸ್ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಗಾಡಿ ಓಡಿಸಬಹುದು. ಆದರೂ ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಬರಲಿ. ಬಾಡಿಗೆ ಕಂಪನಿಯವರು ಕೇಳಬಹುದು, ಒಪ್ಪಂದದಲ್ಲಿ ಚಾಲಕರಾಗಿ ತಂದೆಯವರ ಹೆಸರೂ ಇರಬೇಕು. ಇಲ್ಲಿನ ಲೈಸೆನ್ಸ್ ಇರುವ ನಿಮಗೆ 40 ಅಡಿಯವರೆಗಿನ ಮೋಟರ್‌ಹೋಮ್‌ಗೆ ಬೇರೆ ಲೈಸೆನ್ಸ್ ಬೇಡ.

ಘಾಟಿಯ ಅನುಭವ ಇಲ್ಲಿ ದೊಡ್ಡ ಆಸ್ತಿ. ಹತ್ತುವ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಆಟೊಮ್ಯಾಟಿಕ್ ಗಾಡಿಯಲ್ಲೂ ಕೆಳ ಗೇರಿಗೆ ಹಾಕುವ ವ್ಯವಸ್ಥೆ ಇರುತ್ತದೆ. ಹೊಸದಾಗಿ ರೂಢಿಯಾಗಬೇಕಾದ್ದು ಬಲಬದಿಯ ಓಡಾಟ ಮತ್ತು ಗಾಡಿಯ ಹಿಂಭಾಗ. ಹಿಂದಿನ ಚಕ್ರದ ಆಚೆಗೂ ಗಾಡಿ ಹಲವು ಅಡಿ ಚಾಚಿರುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ ಎಡಕ್ಕೆ ತಿರುಗಿಸಿದರೆ ಬಲಗಡೆಯ ಬಾಲ ಹೊರಕ್ಕೆ ಬೀಸಿ ಪಕ್ಕದ ಕಂಬಕ್ಕೆ ತಗಲುತ್ತದೆ. ಮೊದಲ ದಿನ ಖಾಲಿ ಮೈದಾನದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ. ಚಾವಣಿ ಬಡಿದ ನಷ್ಟವನ್ನು ಅನೇಕ ಬಾಡಿಗೆ ವಿಮೆಗಳು ಕೊಡುವುದಿಲ್ಲ.

ಎರಡು ಲೇನ್ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಹಿಂದೆ ಐದು ಗಾಡಿ ಸಾಲುಗಟ್ಟಿದರೆ ಬದಿಗೆ ಸರಿದು ದಾರಿ ಬಿಡುವುದು ಇಲ್ಲಿ ಕಾನೂನು. ಗಾಡಿ ಚಲಿಸುವಾಗ ಎಲ್ಲರಿಗೂ ಸೀಟ್‌ಬೆಲ್ಟ್ ಇರಲಿ. ಅಮ್ಮನಿಗೆ ಸೊಂಟ ನೋವಿದೆಯೆಂದು ಹಿಂದಿನ ಮಂಚದಲ್ಲಿ ಮಲಗಿಸಿಕೊಂಡು ಹೋಗಬೇಡಿ. ಗಂಟೆಗೊಮ್ಮೆ ನಿಲ್ಲಿಸಿ, ಅವರು ನಾಲ್ಕು ಹೆಜ್ಜೆ ಅಡ್ಡಾಡಲಿ.

ಪ್ರಶ್ನೆ: ನಮ್ಮತ್ತೆಗೆ ಹೊರಗಿನ ಊಟ ಆಗದು. ಗಾಡಿಯಲ್ಲೇ ಅನ್ನ, ಸಾರು ಮಾಡಬಹುದೇ? ಕಡಲ ಬದಿಯಲ್ಲೇ ಗಾಡಿ ನಿಲ್ಲಿಸಿ ಮಲಗಬಹುದೇ?
– ಗೃಹಿಣಿಯೊಬ್ಬರು, ಸನ್ನಿವೇಲ್

ಉತ್ತರ: ಧಾರಾಳವಾಗಿ ಮಾಡಿ. ಮೋಟರ್‌ಹೋಮ್ ತೆಗೆದುಕೊಳ್ಳುವುದೇ ಅದಕ್ಕೆ. ಪ್ರೊಪೇನ್ ಒಲೆಯ ಮೇಲೆ ಕುಕ್ಕರ್ ಇಡಬಹುದು. ಒಗ್ಗರಣೆಗೆ ಮೊದಲು ಚಾವಣಿಯ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಇಲ್ಲದಿದ್ದರೆ ಮೆಣಸಿನ ಘಾಟಿಗೆ ಹೊಗೆ ಅಲಾರಂ ಕೂಗುತ್ತದೆ. ಎಣ್ಣೆ, ಸಾರಿನ ಜಿಡ್ಡನ್ನು ಕಾಗದದಲ್ಲಿ ಒರೆಸಿ ತೆಗೆದ ಮೇಲೆ ಪಾತ್ರೆ ತೊಳೆಯಿರಿ.

ಗಾಡಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ: ಶುದ್ಧ ನೀರಿಗೊಂದು, ತೊಳೆದ ನೀರಿಗೊಂದು, ಶೌಚಕ್ಕೊಂದು. ಡಂಪ್ ಸ್ಟೇಷನ್‌ನಲ್ಲಿ ಕೈಗವಸು ತೊಟ್ಟು ಶೌಚದ ಟ್ಯಾಂಕನ್ನು ಮೊದಲು ಖಾಲಿ ಮಾಡಿ, ಆಮೇಲೆ ತೊಳೆದ ನೀರಿನದು. ಆ ನೀರು ಪೈಪನ್ನೂ ತೊಳೆಯುತ್ತದೆ. ಹುಕಪ್ (ನೀರು, ಕರೆಂಟ್, ಚರಂಡಿಯ ಜೋಡಣೆ) ಇರುವ ಕಡೆ ನಿಂತಾಗಲೂ ಶೌಚದ ವಾಲ್ವ್ ಮುಚ್ಚಿಯೇ ಇರಲಿ. ತೆರೆದಿಟ್ಟರೆ ನೀರು ಮಾತ್ರ ಹರಿದುಹೋಗಿ ಮಲ ತಳದಲ್ಲಿ ಗಟ್ಟಿಯಾಗುತ್ತದೆ. ಹುಕಪ್ ಇಲ್ಲದ ಸ್ಟೇಟ್ ಪಾರ್ಕ್‌ಗಳಲ್ಲಿ ಜನರೇಟರ್ ಹಾಕಲು ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಅವಕಾಶ. ಮಿಕ್ಸಿ, ಮೈಕ್ರೊವೇವ್ ಕೆಲಸವನ್ನು ಅಷ್ಟರಲ್ಲಿ ಮುಗಿಸಿ.

ರಸ್ತೆ ಬದಿಯಲ್ಲಿ ಮಲಗುವ ಯೋಚನೆ ಮಾತ್ರ ಬಿಡಿ. ಬಿಗ್ ಸರ್‌ನಲ್ಲಿ ಹೈವೇ ಪಕ್ಕ ರಾತ್ರಿ ತಂಗುವುದು ನಿಷಿದ್ಧ, ದಂಡ ಬೀಳುತ್ತದೆ. ತೊಳೆದ ನೀರನ್ನೂ ನೆಲಕ್ಕೆ ಬಿಡಬೇಡಿ, ಅದು ನೇರ ಕಡಲು ಸೇರುತ್ತದೆ. ಪ್ರತಿ ರಾತ್ರಿಗೂ ಮೊದಲೇ ಗೊತ್ತಾದ ಜಾಗವಿರಲಿ, ಸಂಜೆ 4ಕ್ಕೆಲ್ಲ ಅಲ್ಲಿ ತಲುಪಿ. ಬೆಳಕಿರುವಾಗ ಗಾಡಿ ನಿಲ್ಲಿಸಿದರೆ ಅತ್ತೆಯವರ ಅಡುಗೆಯೂ ಹೊತ್ತಿಗೆ ಆಗುತ್ತದೆ, ಎಲ್ಲರೂ ಒಟ್ಟಿಗೆ ಕೂತು ಉಣ್ಣಬಹುದು.