ಸರ್ವೆಯ ಕೊಂಬೆಯೂ ಕ್ರಿಸ್ಮಸ್ ಮರವೂ

ತಿಳಿಯದೆ ಆಡಿದ ಒಂದು ಮಾತು ಈ ಲೇಖನಕ್ಕೆ ಕಾರಣವಾಯಿತು. ಕಳೆದ ಡಿಸೆಂಬರಿನಲ್ಲಿ, ವೈಟ್‌ಫೀಲ್ಡಿಗೆ ಸಮೀಪದ ಕಾಡುಗೋಡಿಯಲ್ಲಿರುವ ಸಹಪಾಠಿಯೊಬ್ಬನ ಮನೆಗೆ ಹಬ್ಬದೂಟಕ್ಕೆ ಹೋಗಿದ್ದೆನು. ಒಂದೇ ಕೋಣೆಯ ಬಾಡಿಗೆ ಮನೆ. ಮೂಲೆಯಲ್ಲಿ ಮರಳು ತುಂಬಿದ ಎಣ್ಣೆ ಡಬ್ಬದಲ್ಲಿ ಸರ್ವೆಮರದ ಕೊಂಬೆಯೊಂದನ್ನು ನಿಲ್ಲಿಸಿ ಸಿಂಗರಿಸಿದ್ದರು. “ಇದು ನಿಜವಾದ ಕ್ರಿಸ್ಮಸ್ ಮರವಲ್ಲ, ನಿಜವಾದುದನ್ನು ಮಾಲಿನಲ್ಲಿ ನೋಡಬೇಕು” ಎಂದುಬಿಟ್ಟೆನು. ಮಿತ್ರನು ಮಾತನಾಡಲಿಲ್ಲ. ಅವನ ತಾಯಿಯವರು ತಲೆ ತಗ್ಗಿಸಿಕೊಂಡು ಬಡಿಸಿದರು. ಆ ಮೌನವು ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿತು.

ಹಾಗಾದರೆ ನಿಜವಾದ ಮರ ಯಾವುದು? ಮತ್ತಾಯ ಮತ್ತು ಲೂಕರ ಸುವಾರ್ತೆಗಳಲ್ಲಿ ಯೇಸುವಿನ ಜನನದ ವೃತ್ತಾಂತವುಂಟು. ಅಲ್ಲಿ ಸಿಂಗರಿಸಿದ ಮರದ ಪ್ರಸ್ತಾಪವೇ ಇಲ್ಲ. ಮರವನ್ನು ಮನೆಯೊಳಗೆ ತಂದು ಅಲಂಕರಿಸುವ ರೂಢಿ ಜರ್ಮನ್ ನಾಡಿನಲ್ಲಿ ಬೆಳೆಯಿತು. ಕೊರೆಯುವ ಚಳಿಯಲ್ಲಿಯೂ ಹಸಿರಾಗಿರುವ ಫರ್ ಮರವು ಅಲ್ಲಿನ ಕಾಡುಗಳಲ್ಲಿ ದೊರೆಯುತ್ತಿತ್ತು. ವಿಕ್ಟೋರಿಯಾ ರಾಣಿಯ ಕುಟುಂಬವು ಇಂತಹ ಮರದ ಸುತ್ತ ನಿಂತಿರುವ ಚಿತ್ರವು 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ, ಇಂಗ್ಲೆಂಡಿನಲ್ಲಿಯೂ ಈ ರೂಢಿ ಬಹುವಾಗಿ ಹರಡಿತು. ನ್ಯೂಜಿಲೆಂಡಿನಲ್ಲಾದರೋ ಡಿಸೆಂಬರ್ ಎಂದರೆ ಬೇಸಗೆ. ಆಗ ಕೆಂಪು ಹೂ ತಳೆಯುವ ಪೊಹುಟುಕಾವವೇ ಅಲ್ಲಿಯವರ ಕ್ರಿಸ್ಮಸ್ ಮರ. ಆಯಾ ನೆಲವು ಕೊಟ್ಟ ಮರವನ್ನು ಆಯಾ ಜನರು ಹಬ್ಬಕ್ಕೆ ಒಗ್ಗಿಸಿಕೊಂಡರು.

ನಮ್ಮ ವೈಟ್‌ಫೀಲ್ಡ್ 1882ರಲ್ಲಿ, ಚಾಮರಾಜೇಂದ್ರ ಒಡೆಯರು ನೀಡಿದ ಭೂಮಿಯಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳ ವಸಾಹತಾಗಿ ಹುಟ್ಟಿತು. ಅದಕ್ಕಾಗಿ ಶ್ರಮಿಸಿದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಫರ್ ಮರವು ಈ ಬಯಲುಸೀಮೆಯದಲ್ಲ. ಆದುದರಿಂದ ಬೆಂಗಳೂರಿನ ಅನೇಕ ಕ್ರೈಸ್ತ ಮನೆಗಳಲ್ಲಿ ಸರ್ವೆಯ ಕೊಂಬೆ ಆ ಸ್ಥಾನವನ್ನು ಪಡೆಯಿತು.

ಸರ್ವೆಯು ಪೈನಿನ ನಂಟನೆಂದು ನಾನು ತಿಳಿದಿದ್ದೆನು. ಅದೂ ತಪ್ಪು. ಸರ್ವೆ ಹೂ ಬಿಡುವ ಮರಗಳ ಗುಂಪಿಗೆ ಸೇರಿದುದು. ಸೂಜಿಯಂತೆ ಕಾಣುವವು ಎಲೆಗಳಲ್ಲ, ಹಸಿರು ಕಿರುರೆಂಬೆಗಳು. ನಿಜವಾದ ಎಲೆಗಳು ಗೆಣ್ಣುಗೆಣ್ಣಿಗೂ ಸಣ್ಣ ಹುರುಪೆಗಳಂತೆ ಅಂಟಿಕೊಂಡಿರುತ್ತವೆ. ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡ ನೆಲದಲ್ಲಿಯೂ ಅದು ಬೆಳೆಯಬಲ್ಲುದು. ಸಾರುವೆ ಕಟ್ಟಲು ಅದರ ಕಂಬಗಳನ್ನೂ, ಒಲೆಗೆ ಅದರ ಸೌದೆಯನ್ನೂ ಬಳಸುವುದು ಎಲ್ಲರಿಗೂ ತಿಳಿದದ್ದೇ.

ಇನ್ನು ನಾನು ‘ನಿಜ’ವೆಂದು ಹೊಗಳಿದ ಮಾಲಿನ ಮರ! ಮತ್ತೊಮ್ಮೆ ಹೋಗಿ ಮುಟ್ಟಿ ನೋಡಿದೆನು: ತಂತಿಗೆ ಸುತ್ತಿದ ಪ್ಲಾಸ್ಟಿಕ್. ಕೃತಕ ಮರವೂ ಹೊಸದೇನಲ್ಲ. 19ನೆಯ ಶತಮಾನದಲ್ಲಿಯೇ ಜರ್ಮನರು ಹೆಬ್ಬಾತಿನ ಗರಿಗಳಿಗೆ ಹಸಿರು ಬಣ್ಣ ಹಾಕಿ, ತಂತಿಗೆ ಸುತ್ತಿ ಮರಗಳನ್ನು ಮಾಡುತ್ತಿದ್ದರು.

ಮಿತ್ರನ ಮನೆಯ ಆಭರಣಗಳನ್ನೂ ಇಲ್ಲಿ ಹೇಳಬೇಕು. ಸರ್ವೆಯ ಪುಟ್ಟ ಕಾಯಿಗಳಿಗೆ ಬಣ್ಣ ಬಳಿದು ತೂಗುಹಾಕಿದ್ದರು. ಅವುಗಳ ನಡುವೆ ಬೆಳ್ಳಿಯಂತೆ ಹೊಳೆಯುತ್ತಿದ್ದವು ಅಲ್ಯೂಮಿನಿಯಂ ಸುರುಳಿಗಳು. ಪೀಣ್ಯದಲ್ಲಿ ಲೇತ್ ನಡೆಸುವ ಅವನ ಸೋದರಮಾವನು, ಲೋಹವನ್ನು ಕಡೆಯುವಾಗ ಬೀಳುವ ಸಿಪ್ಪೆಯನ್ನು ಆರಿಸಿ ತಂದಿದ್ದನು. ಅವುಗಳ ಅಂಚು ಕೈ ಕೊಯ್ಯುತ್ತದೆ. ಇಕ್ಕಳದಲ್ಲಿ ಹಿಡಿದು, ಸಾಬೂನಿನ ನೀರಿನಲ್ಲಿ ಎಣ್ಣೆ ಹೋಗುವಂತೆ ತೊಳೆದು, ಮಕ್ಕಳಿಗೆ ಎಟುಕದಂತೆ ಮೇಲಿನ ರೆಂಬೆಗಳಿಗೇ ಕಟ್ಟಬೇಕು. ಹಳೆಯ ಕಂಪ್ಯೂಟರಿನ ಸರ್ಕ್ಯೂಟ್ ಹಲಗೆಗಳನ್ನು ನಕ್ಷತ್ರಾಕಾರವಾಗಿ ಕತ್ತರಿಸುವುದು ಮಾತ್ರ ಸಲ್ಲದು. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ, ಕತ್ತರಿಸಿದಾಗ ಏಳುವ ಧೂಳೂ ಹಾನಿಕರ. ಅಂತಹವನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದೇ ಲೇಸು.

ಎಲ್ಲಕ್ಕಿಂತ ನನಗೆ ಮೆಚ್ಚಿಕೆಯಾದುದು ಕೊಂಬೆಯ ಬುಡದಲ್ಲಿದ್ದ ಗೋದಲಿ. ಅದರ ಸುತ್ತ ಹುಲ್ಲುಗಾವಲಿಗಾಗಿ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸಿದ್ದರು. ಬೆತ್ಲೆಹೇಮಿನ ಕುರಿಗಳು ನಮ್ಮ ರಾಗಿಯ ಹೊಲದಲ್ಲಿ ಮೇಯುತ್ತಿದ್ದವು! ಹಬ್ಬ ಮುಗಿದ ಮೇಲೆ ಪೈರು ನೆರೆಮನೆಯ ಹಸುವಿಗೆ, ಒಣಗಿದ ಕೊಂಬೆ ನೀರೊಲೆಗೆ. ಪೋಲಾದುದು ಏನೂ ಇಲ್ಲ.

ಮರದ ಜಾತಿಯಿಂದಾಗಲಿ ಬೆಲೆಯಿಂದಾಗಲಿ ಹಬ್ಬದ ನಿಜವನ್ನು ಅಳೆಯಲಾಗದೆಂಬುದು ನಾನು ಕಲಿತ ಪಾಠ. ಈ ಲೇಖನದ ಕರಡನ್ನು ಮೊದಲು ಆ ಮಿತ್ರನಿಗೇ ಕೊಟ್ಟೆನು. ಓದಿ ಮಡಿಚಿ ಜೇಬಿನಲ್ಲಿಟ್ಟುಕೊಂಡು, “ಅಮ್ಮನಿಗೂ ಓದಿ ಹೇಳುತ್ತೇನೆ. ಈ ಸಲವೂ ಊಟಕ್ಕೆ ಬಾ” ಎಂದನು.