ಕ್ಯಾಲ್ಸಿಯಂ ರಿಯಾಕ್ಟರ್: ಒಂದು ಸಲಕ್ಕೆ ಒಂದೇ ತಿರುಪು

ಮನೆಯ ರೀಫ್ ಟ್ಯಾಂಕಿನಲ್ಲಿ ಗಟ್ಟಿ ಹವಳ ಸಾಕುವ ಅನೇಕರು ದೊಡ್ಡ ಮೊತ್ತ ತೆತ್ತು ಕ್ಯಾಲ್ಸಿಯಂ ರಿಯಾಕ್ಟರ್ ತರುತ್ತಾರೆ. ಆಮೇಲೆ ನೀರಿನ ಕೆಎಚ್ ಒಂದು ದಿನ 7, ಮತ್ತೊಂದು ದಿನ 10. ಆಕ್ರೋಪೊರಾದ ತುದಿಗಳು ಸುಟ್ಟಂತೆ ಬಿಳುಚಿದ ಮೇಲೆ ಯಂತ್ರವೇ ಸರಿಯಿಲ್ಲವೆಂದು ಮೂಲೆಗೆ ಸರಿಸುತ್ತಾರೆ. ನಾನು ಕಂಡ ಮಟ್ಟಿಗೆ ಯಂತ್ರ ಕೆಟ್ಟಿರುವುದು ಅಪರೂಪ, ಹೊಂದಾಣಿಕೆ ಕೆಟ್ಟಿರುವುದೇ ಹೆಚ್ಚು.

ರಿಯಾಕ್ಟರಿನ ಕೆಲಸ ಸರಳ. ಅರಗೊನೈಟ್ ಚೂರು ತುಂಬಿದ ಕೊಳವೆಯೊಳಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ನೀರು ಹುಳಿಯಾಗಿ ಚೂರು ಕರಗುತ್ತದೆ. ಆ ನೀರು ಹನಿಹನಿಯಾಗಿ ಸಂಪ್‌ಗೆ ಬೀಳುತ್ತದೆ. ಹವಳ ಬಳಸುವ ಅನುಪಾತದಲ್ಲೇ, ಅಂದರೆ 2.8 ಡಿಕೆಎಚ್‌ಗೆ ಸುಮಾರು 20 ಪಿಪಿಎಂನಂತೆ, ಕ್ಯಾಲ್ಸಿಯಂ ಮರಳುತ್ತದೆ. ಹಾಗಾಗಿ ಇದು ಇರುವ ಮಟ್ಟವನ್ನು ಕಾಯುತ್ತದೆಯೇ ಹೊರತು ಏರುಪೇರಾದುದನ್ನು ಸರಿಪಡಿಸದು. ಮೊದಲು ಕೆಎಚ್ 8, ಕ್ಯಾಲ್ಸಿಯಂ 420, ಮೆಗ್ನೀಷಿಯಂ 1300ರ ಆಸುಪಾಸಿಗೆ ಕೈಯಿಂದಲೇ ತಂದು ನಿಲ್ಲಿಸಿ. ಆಮೇಲೆ ರಿಯಾಕ್ಟರಿಗೆ ಕೈ ಹಾಕಿ.

ಈಗ ಲೆಕ್ಕ. ಡೋಸಿಂಗ್ ನಿಲ್ಲಿಸಿ, ಎರಡು ಮೂರು ದಿನ ಒಂದೇ ಹೊತ್ತಿಗೆ ಕೆಎಚ್ ಅಳೆಯಿರಿ. ಬೆಳಕಿದ್ದಾಗ ಹವಳ ಹೆಚ್ಚು ಎಳೆದುಕೊಳ್ಳುವುದರಿಂದ ಒಂದು ದಿನ ಬೆಳಿಗ್ಗೆ, ಮರುದಿನ ರಾತ್ರಿ ಅಳೆದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಕಲ್ಲು, ಮರಳು ಕಳೆದು ಉಳಿದ ನೀರು 300 ಲೀಟರ್, ದಿನದ ಖರ್ಚು 1 ಡಿಕೆಎಚ್ ಎಂದುಕೊಳ್ಳಿ. ರಿಯಾಕ್ಟರಿನಿಂದ ಬರುವ ನೀರು 30, ಟ್ಯಾಂಕ್ 8 ಇದ್ದರೆ ವ್ಯತ್ಯಾಸ 22. 300ನ್ನು 22ರಿಂದ ಭಾಗಿಸಿದರೆ ದಿನಕ್ಕೆ 13.6 ಲೀಟರ್, ನಿಮಿಷಕ್ಕೆ ಹೆಚ್ಚುಕಡಿಮೆ 9.5 ಮಿ.ಲೀ. ಇದೇ ನಿಮ್ಮ ಹರಿವು. ಅಳತೆಯ ಲೋಟ, ಗಡಿಯಾರ ಹಿಡಿದು ಇದನ್ನು ಹೊಂದಿಸಿ. ಸಣ್ಣ ವಾಲ್ವ್ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಸದಾ ಓಡಬಲ್ಲ ಪೆರಿಸ್ಟಾಲ್ಟಿಕ್ ಪಂಪ್‌ಗೆ ಹಾಕಿದ ಹಣ ವ್ಯರ್ಥವಾಗದು.

ಗ್ಯಾಸ್ ಬಿಡುವ ಮುನ್ನ ಪಿಎಚ್ ಪ್ರೋಬನ್ನು 7 ಮತ್ತು 4ರ ದ್ರಾವಣಗಳಲ್ಲಿ ಸರಿಹೊಂದಿಸಿ. ಟ್ಯಾಂಕಿಗೆಂದು 7 ಮತ್ತು 10ರಲ್ಲಿ ಹೊಂದಿಸಿದ ಪ್ರೋಬನ್ನೇ ಇಲ್ಲಿಗೆ ತುರುಕಬೇಡಿ. ಎರಡು ಸೆಕೆಂಡಿಗೊಂದು ಗುಳ್ಳೆಯಿಂದ ಶುರು ಮಾಡಿ, ರಿಯಾಕ್ಟರಿನೊಳಗಿನ ಪಿಎಚ್ 6.7ರ ಹತ್ತಿರ ನಿಲ್ಲುವವರೆಗೆ ನೀಡಲ್ ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಿ. 6.5ಕ್ಕಿಂತ ತೀರಾ ಕೆಳಗಿಳಿದರೆ ಚೂರು ಕೆಸರಾಗಿ ಹರಿವನ್ನೇ ಕಟ್ಟುತ್ತದೆ. ಪಕ್ಕದ ಮನೆಯವರ ಗುಳ್ಳೆಯ ಲೆಕ್ಕ ನಿಮಗೆ ಉಪಯೋಗವಿಲ್ಲ. ಒಂದೊಂದು ಕೌಂಟರಿನ ಗುಳ್ಳೆ ಒಂದೊಂದು ಗಾತ್ರ.

ಎಲ್ಲರೂ ಎಡವುವುದು ಇದರ ನಂತರ. ಬೆಳಿಗ್ಗೆ ಕೆಎಚ್ 7.5 ಕಾಣುತ್ತದೆ. ಗಾಬರಿಯಿಂದ ಹರಿವು ಹೆಚ್ಚಿಸುತ್ತಾರೆ. ಗ್ಯಾಸ್ ಅಷ್ಟೇ ಇರುವುದರಿಂದ ಒಳಗಿನ ಪಿಎಚ್ ಏರಿ, ಬರುವ ನೀರು ತೆಳ್ಳಗಾಗುತ್ತದೆ: ಲೀಟರ್ ಹೆಚ್ಚಾಯಿತು, ಲೀಟರಿನಲ್ಲಿರುವ ಸತ್ವ ಇಳಿಯಿತು. ಸಂಜೆ ಅಳೆದಾಗ ಏನೂ ಬದಲಾಗಿಲ್ಲ. ಆಗ ಗ್ಯಾಸನ್ನೂ ಏರಿಸುತ್ತಾರೆ. 5 ಲೀಟರ್ ನೀರು ಹಿಡಿಯುವ ರಿಯಾಕ್ಟರಿನಲ್ಲಿ ನಿಮಿಷಕ್ಕೆ 10 ಮಿ.ಲೀ. ಹರಿದರೆ ಒಳಗಿನ ನೀರು ಒಮ್ಮೆ ಬದಲಾಗುವುದಕ್ಕೇ ಎಂಟು ಗಂಟೆ ಮೀರುತ್ತದೆ. ಎರಡೂ ತಿರುಪುಗಳ ಫಲ ಮರುದಿನ ಒಟ್ಟಿಗೆ ಬಂದು ಕೆಎಚ್ 9 ದಾಟುತ್ತದೆ. ಮತ್ತೆ ಗಾಬರಿ, ಮತ್ತೆ ಎರಡನ್ನೂ ಇಳಿಸುವುದು. ಹವಳಕ್ಕೆ 7.5 ಆಗಲಿ 9 ಆಗಲಿ ಒಗ್ಗುತ್ತದೆ. ಒಂದರಿಂದ ಇನ್ನೊಂದಕ್ಕೆ ದಿನದೊಳಗೆ ಎಗರುವುದು ಒಗ್ಗದು. ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಕದಲಬಾರದು.

ಆದ್ದರಿಂದ ಹರಿವನ್ನು ಕಟ್ಟಿಹಾಕಿ, ಗ್ಯಾಸ್ ಒಂದನ್ನೇ ತಿರುಗಿಸಿ. ತಿರುಗಿಸಿದ ಮೇಲೆ ಒಂದು ಪೂರ್ತಿ ದಿನ ಮುಟ್ಟಬೇಡಿ. ಮರುದಿನ ಟ್ಯಾಂಕಿನದನ್ನೂ ರಿಯಾಕ್ಟರಿನಿಂದ ಬರುವ ನೀರಿನದನ್ನೂ ಅಳೆದು ಪುಸ್ತಕದಲ್ಲಿ ಬರೆಯಿರಿ. ಆ ನೀರು ಕಿಟ್‌ನ ಮಿತಿ ಮೀರಿದರೆ ಅಷ್ಟೇ ಆರ್‌ಒ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ದುಪ್ಪಟ್ಟು ಮಾಡಿ. ಪಿಎಚ್ 6.6ಕ್ಕೆ ತಂದರೂ ಸಾಲದಿದ್ದಾಗ ಮಾತ್ರ ಹರಿವನ್ನು ಹತ್ತರಲ್ಲೊಂದು ಪಾಲು ಏರಿಸಿ, ಗ್ಯಾಸ್ ಹೊಂದಿಸಿ ಪಿಎಚ್ಚನ್ನು ಮೊದಲಿನ ಅಂಕಿಗೇ ತನ್ನಿ, ಮತ್ತೆ ಕಾಯಿರಿ. ನಿತ್ಯ ನೋಡಬೇಕಾದುದು ಕೆಎಚ್. ಕ್ಯಾಲ್ಸಿಯಂ ವಾರಕ್ಕೊಮ್ಮೆ ಸಾಕು.

ಚೂರಿನ ವಿಚಾರ ಒಂದು ಮಾತು. ಕಡಲ ತೀರದಲ್ಲಿ ಆಯ್ದ ಸತ್ತ ಹವಳವನ್ನು ತುಂಬಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ನಮ್ಮ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯದಾಗಲಿ, ಲಕ್ಷದ್ವೀಪದ್ದಾಗಲಿ, ಒಂದು ತುಣುಕೂ ಮನೆಗೆ ಬರಬಾರದು. ಅಂಗಡಿಯ ಮೀಡಿಯಾ ಕೊಳ್ಳುವಾಗಲೂ ಮೂಲ ಕೇಳಿ.

ಕರೆಂಟ್ ಹೋದಾಗ ಗ್ಯಾಸ್ ಮುಚ್ಚಿಕೊಳ್ಳಲು ಸೊಲೆನಾಯ್ಡ್ ಇರಲೇಬೇಕು. ಕರೆಂಟ್ ಮರಳಿದಾಗ ರಿಯಾಕ್ಟರಿನ ಪಂಪ್ ತಿರುಗುತ್ತಿದೆಯೇ ನೋಡಿ. ರಾತ್ರಿ ಟ್ಯಾಂಕಿನ ಪಿಎಚ್ ತೀರಾ ಇಳಿದರೆ ಬರುವ ನೀರನ್ನು ಸ್ಕಿಮ್ಮರ್ ಬಳಿ ಬಿಡಿ. ಸಿಲಿಂಡರ್ ನಿಂತೇ ಇರಲಿ, ಗೋಡೆಗೆ ಬಿಗಿದಿರಲಿ, ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಬೇಡ. ಚೂರು ಅರ್ಧಕ್ಕಿಳಿದಾಗ ತೊಳೆದು ತುಂಬಿ. ತುಂಬಿದ ಮರುದಿನ ಬರುವ ನೀರಿನ ಕೆಎಚ್ ತಪ್ಪದೆ ಅಳೆಯಿರಿ.